ಎಡ–ಬಲವೋ, ಮೂಡು–ಪಡುವೋ? ಒಂದು ಪ್ರಾಧ್ಯಾಪಕ ಹುದ್ದೆಯ ಜಾಹೀರಾತಿನ ಹಿಂದೆ

ನಮಸ್ಕಾರ. ಮನೋವಿಜ್ಞಾನದಲ್ಲಿ ಪಿಎಚ್‌ಡಿ ಮುಗಿಸುವ ಹಂತದಲ್ಲಿರುವ ಬದಿಯಡ್ಕ ಕಡೆಯ ವೀಕ್ಷಕಿಯೊಬ್ಬರು ಅಮೆರಿಕದ ವಿಶ್ವವಿದ್ಯಾಲಯವೊಂದರ ಜಾಹೀರಾತನ್ನು ಕಳುಹಿಸಿದ್ದಾರೆ. ಅಂತರ್‌ಸಾಂಸ್ಕೃತಿಕ ಅರಿವಿನ ಬೆಳವಣಿಗೆ ಎಂಬ ವಿಷಯಕ್ಕೆ ಸಹಾಯಕ ಪ್ರಾಧ್ಯಾಪಕರು ಬೇಕಂತೆ. ಏಳು ಭಾಷೆಗಳ ಕಾಸರಗೋಡಿನಲ್ಲಿ ಹುಟ್ಟಿ ಬೆಳೆದದ್ದೇ ಇದಕ್ಕೆ ಅರ್ಹತೆಯಾದೀತೇ ಎಂಬುದು ಅವರ ಪ್ರಶ್ನೆ. ಅಷ್ಟರಿಂದಲೇ ಆಗದು ಎಂಬುದು ನನ್ನ ಉತ್ತರ, ಕಾರಣ ಹೇಳುತ್ತೇನೆ.

ನೆನಪಿಡುವುದು, ಎಣಿಸುವುದು, ಆಸೆ ತಡೆದು ಕಾಯುವುದು, ದಿಕ್ಕು ಗುರುತಿಸುವುದು ಮೊದಲಾದ ಸಾಮರ್ಥ್ಯಗಳು ಬೇರೆ ಬೇರೆ ಸಮಾಜಗಳ ಮಕ್ಕಳಲ್ಲಿ ಹೇಗೆ ಬೆಳೆಯುತ್ತವೆಂದು ಹೋಲಿಸಿ ನೋಡುವ ಶಾಖೆ ಇದು. 2010ರಲ್ಲಿ ಹೆನ್ರಿಕ್, ಹೈನ್ ಮತ್ತು ನೊರೆನ್‌ಝಯಾನ್ ಎಂಬ ಸಂಶೋಧಕರು ಬರೆದ ಪ್ರಬಂಧವೊಂದು ಈ ಕ್ಷೇತ್ರಕ್ಕೆ ದೊಡ್ಡ ಒತ್ತು ಕೊಟ್ಟಿತು. ಪ್ರಮುಖ ಮನೋವಿಜ್ಞಾನ ಪತ್ರಿಕೆಗಳ ಅಧ್ಯಯನಗಳಲ್ಲಿ ಪಾಲ್ಗೊಂಡವರ ಪೈಕಿ ಶೇಕಡಾ 96ರಷ್ಟು ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರೆಂದೂ, ಆ ದೇಶಗಳಲ್ಲಿರುವುದು ಜಗತ್ತಿನ ಶೇಕಡಾ 12ರಷ್ಟು ಜನ ಮಾತ್ರವೆಂದೂ ಅದು ಎತ್ತಿ ತೋರಿಸಿತು. "ಮನುಷ್ಯನ ಮನಸ್ಸು" ಎಂದು ನಾವು ಓದಿ ಪರೀಕ್ಷೆ ಬರೆದದ್ದು ಬಹುಮಟ್ಟಿಗೆ ಕೆಲವೇ ದೇಶಗಳ ಕಾಲೇಜು ವಿದ್ಯಾರ್ಥಿಗಳ ಮನಸ್ಸನ್ನು!

[ತೆರೆಯ ಮೇಲೆ: ಎರಡು ಮೇಜುಗಳು, ಮೂರು ಆಟಿಕೆ ಪ್ರಾಣಿಗಳು]

ಇನ್ನು ನನಗೆ ಅತ್ಯಂತ ಪ್ರಿಯವಾದ ಪ್ರಯೋಗಕ್ಕೆ ಬರುತ್ತೇನೆ. ಮಗು ಬಡಗು ಮುಖವಾಗಿ ಕುಳಿತಿದೆ. ಮುಂದಿನ ಮೇಜಿನ ಮೇಲೆ ದನ, ಕುದುರೆ, ನಾಯಿ ಸಾಲಾಗಿ ನಿಂತಿವೆ. ಮೂರರ ಮುಖವೂ ಮಗುವಿನ ಬಲಕ್ಕೆ, ಅಂದರೆ ಮೂಡಕ್ಕೆ. ನೋಡಿ ನೆನಪಿಟ್ಟುಕೊಂಡ ಮೇಲೆ ಮಗುವನ್ನು ತೆಂಕು ಮುಖವಾಗಿ ತಿರುಗಿಸಿ, ಎದುರಿನ ಖಾಲಿ ಮೇಜಿನ ಮೇಲೆ "ಹಾಗೆಯೇ ಜೋಡಿಸು" ಎನ್ನುತ್ತಾರೆ. ಪ್ರಾಣಿಗಳನ್ನು ಮತ್ತೆ ತನ್ನ ಬಲಕ್ಕೇ ಮುಖಮಾಡಿ ಇಟ್ಟ ಮಗು ತನ್ನ ದೇಹವನ್ನು ಆಧಾರವಾಗಿಟ್ಟುಕೊಂಡಿದೆ. ಆಗ ದನ ನೋಡುವುದು ಪಡುವಣಕ್ಕೆ. ಮೂಡಕ್ಕೇ ಇಟ್ಟ ಮಗು ಭೂಮಿಯ ದಿಕ್ಕನ್ನು ಹಿಡಿದಿದೆ. ಆಗ ದನ ಮಗುವಿನ ಎಡಕ್ಕೆ ತಿರುಗಿರುತ್ತದೆ. ಎರಡೂ ಸರಿಯುತ್ತರಗಳೇ, ಯಾರೂ ನಪಾಸಾಗುವುದಿಲ್ಲ. ಪರೀಕ್ಷೆಗಳೆಲ್ಲ ಹೀಗಿದ್ದರೆ ನಮ್ಮಲ್ಲಿ ಎಷ್ಟೋ ಮಕ್ಕಳ ಬಾಲ್ಯ ಸುಖವಾಗಿರುತ್ತಿತ್ತು.

ನೆದರ್ಲೆಂಡ್ಸ್‌ನ ಸ್ಟೀಫನ್ ಲೆವಿನ್ಸನ್ ತಂಡದಿಂದ ಹೆಸರಾದ ಈ ಬಗೆಯ ಪರೀಕ್ಷೆಗಳನ್ನು ಪಿಯರ್ ಡಾಸೆನ್ ಮತ್ತು ರಮೇಶ್ ಮಿಶ್ರಾ ಎಂಬ ಮನೋವಿಜ್ಞಾನಿಗಳು ಬಾಲಿ, ನೇಪಾಳ ಮತ್ತು ಭಾರತದ ಮಕ್ಕಳಿಗೆ ಕೊಟ್ಟರು. ವಾರಾಣಸಿಯಲ್ಲಿ ಹಿಂದಿ ಮಾಧ್ಯಮದವರಿಗಿಂತ ಸಂಸ್ಕೃತ ಶಾಲೆಯ ಮಕ್ಕಳು ದಿಕ್ಕನ್ನು ಆಧರಿಸುವುದು ಹೆಚ್ಚೆಂದು ಕಂಡುಬಂತು. ಸಂಧ್ಯಾವಂದನೆಗೆ ಯಾವ ಕಡೆ ಮುಖಮಾಡಿ ಕೂರಬೇಕೆಂಬುದು ನಿತ್ಯದ ಪಾಠವಾಗಿರುವಲ್ಲಿ ಇದು ಸಹಜವೇ.

ಈಗ ಊರಿಗೆ ಬನ್ನಿ. ನಮ್ಮ ಅಂಗಳದಲ್ಲಿ ಹಿರಿಯರು ಅಡಿಕೆ ಗೋಣಿಯನ್ನು "ತುಸು ಮೂಡಕ್ಕೆ ಸರಿಸು" ಎನ್ನುತ್ತಾರೆ. ತೋಟ ತೆಂಕು ಬದಿಯದ್ದು, ಬಾಗಿಲು ಪಡು ಬದಿಯದ್ದು. ನಮ್ಮ ಮಕ್ಕಳೂ ದನವನ್ನು ಮೂಡಕ್ಕೇ ಇಟ್ಟರೆ ಅದಕ್ಕೆ ಮನೆಮಾತು ಕಾರಣವೆಂದು ಥಟ್ಟನೆ ಬರೆದುಬಿಡಬಹುದೇ? ಇಲ್ಲಿ ಪಡುವಣದಲ್ಲಿ ಸಮುದ್ರವಿದೆ, ಮೂಡಣದಲ್ಲಿ ಘಟ್ಟವಿದೆ, ಹೆದ್ದಾರಿ ತೆಂಕು–ಬಡಗಾಗಿ ಓಡುತ್ತದೆ; ನೆಲವೇ ದಿಕ್ಕು ಹೇಳಿಕೊಡುತ್ತದೆ. ಅದರ ಮೇಲೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಆದ್ದರಿಂದ ಇದೇ ಕರಾವಳಿಯಲ್ಲಿ ಬೇರೆ ಮನೆಮಾತಿನ ಮಕ್ಕಳನ್ನೂ, ಇದೇ ಮನೆಮಾತಿನವರಾಗಿ ಸಮುದ್ರವಿಲ್ಲದ ಊರಿನಲ್ಲಿ ಬೆಳೆದವರನ್ನೂ, ಕನ್ನಡ ಮತ್ತು ಮಲಯಾಳ ಮಾಧ್ಯಮಗಳಲ್ಲಿ ಓದುವ ತುಳು ಮನೆಗಳ ಮಕ್ಕಳನ್ನೂ ಹೋಲಿಸಿದಾಗ ಮಾತ್ರ ಭಾಷೆ, ನೆಲ, ಶಾಲೆ ಮೂರೂ ಬಿಡಿಬಿಡಿಯಾಗಿ ಕಂಡಾವು. ಜಾಹೀರಾತು ಹುಡುಕುತ್ತಿರುವುದು ಹೀಗೆ ಬಿಡಿಸಬಲ್ಲವರನ್ನು. ಸಪ್ತಭಾಷಾ ಸಂಗಮಭೂಮಿಯ ಗುಣಗಾನ ನಮ್ಮ ಸಭೆಗಳಿಗೆ ಚೆಂದ, ಅರ್ಜಿಗಲ್ಲ.

ಸಂಪಾದಕರು ಗಡಿಯಾರ ತೋರಿಸುತ್ತಿದ್ದಾರೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ತಿಂಡಿ ಎದುರಿಟ್ಟು "ಕಾದರೆ ಎರಡು ಸಿಗುತ್ತದೆ" ಎನ್ನುವ ಪ್ರಸಿದ್ಧ ಪರೀಕ್ಷೆಯಲ್ಲಿ ಆಫ್ರಿಕಾದ ಕ್ಯಾಮರೂನ್ ದೇಶದ ನ್ಸೋ ಎಂಬ ಸಮುದಾಯದ ರೈತರ ನಾಲ್ಕು ವರ್ಷದ ಮಕ್ಕಳಲ್ಲಿ ಶೇಕಡಾ 70ರಷ್ಟು ಮಂದಿ ಕಾದರೆಂದೂ, ಜರ್ಮನ್ ಮಕ್ಕಳಲ್ಲಿ ಕಾದವರು ಮೂರನೆಯ ಒಂದು ಪಾಲಿಗಿಂತ ಕಡಿಮೆಯೆಂದೂ 2018ರಲ್ಲಿ ವರದಿಯಾಯಿತು. ನ್ಸೋ ಮಕ್ಕಳಿಗೆ ಕೊಟ್ಟದ್ದು ಅವರಿಗೆ ಪರಿಚಿತವಾದ ಕರಿದ ತಿಂಡಿಯನ್ನು ಎಂಬುದನ್ನು ಗಮನಿಸಿ. ಪರೀಕ್ಷೆಯ ಸಾಮಗ್ರಿಯನ್ನು ಊರಿಗೆ ತಕ್ಕಂತೆ ಹೇಗೆ ಬದಲಿಸುತ್ತೀರಿ, ನೈತಿಕ ಸಮಿತಿಯ ಅನುಮತಿಯನ್ನೂ ಪೋಷಕರ ಒಪ್ಪಿಗೆಯನ್ನೂ ಹೇಗೆ ಪಡೆಯುತ್ತೀರಿ ಎಂಬುದು ನಿಮ್ಮ ಸಂಶೋಧನಾ ಹೇಳಿಕೆಯಲ್ಲಿ ಇರಲೇಬೇಕು. ಜೊತೆಗೆ ಬೋಧನಾ ಹೇಳಿಕೆ, ಪ್ರಕಟಿತ ಲೇಖನಗಳು, ಸಾಮಾನ್ಯವಾಗಿ ಮೂರು ಶಿಫಾರಸು ಪತ್ರಗಳನ್ನು ಕೇಳುತ್ತಾರೆ. ಅಮೆರಿಕದಲ್ಲಿ ಇಂಥ ಹುದ್ದೆ ಖಾಯಂ ಆಗುವ ತೀರ್ಮಾನ ಸುಮಾರು ಆರನೆಯ ವರ್ಷದಲ್ಲಿ. ಹೆಚ್ಚಿನ ಅರ್ಜಿಗಳ ಕೊನೆಯ ದಿನಾಂಕ ಸೆಪ್ಟೆಂಬರ್‌ನಿಂದ ಡಿಸೆಂಬರ್‌ನೊಳಗೆ ಬರುವುದರಿಂದ, ಪತ್ರ ಬರೆಯಬೇಕಾದ ಗುರುಗಳಿಗೆ ಓಣಂ ರಜೆಗೆ ಮೊದಲೇ ಹೇಳಿಟ್ಟುಬಿಡಿ.