ಶರಾವತಿ ಹಿನ್ನೀರಿನಲ್ಲಿ ತೇಲಿದ ಆಂಟೆನಾ

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಎ4 ಹಾಳೆ ಇದ್ದರೆ ಅದರ ಅಗಲ ನೋಡಿ. 21 ಸೆಂಟಿಮೀಟರ್. ಹೈಡ್ರೋಜನ್ ಪರಮಾಣು ಹೊರಡಿಸುವ ರೇಡಿಯೋ ಅಲೆಯೊಂದರ ಉದ್ದವೂ ಅಷ್ಟೇ. ವಿಶ್ವ ಹಿಗ್ಗಿದಂತೆ ಅಲೆಯೂ ಹಿಗ್ಗುತ್ತದೆ. ಮೊದಲ ನಕ್ಷತ್ರಗಳ ಕಾಲದಿಂದ ಹೊರಟದ್ದು ನಮ್ಮನ್ನು ಮುಟ್ಟುವ ಹೊತ್ತಿಗೆ ಸುಮಾರು ನಾಲ್ಕು ಮೀಟರ್ ಆಗಿರುತ್ತದೆ. ನಿಮ್ಮ ಎಫ್‌ಎಂ ಸ್ಟೇಷನ್‌ಗಳ ಪಕ್ಕದಲ್ಲೇ ಅದರ ಜಾಗ.

2018ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಬಯಲಿನಲ್ಲಿದ್ದ ಎಡ್ಜಸ್ ಎಂಬ ಆಂಟೆನಾಗೆ 78 ಮೆಗಾಹರ್ಟ್ಸ್ ಹತ್ತಿರ ರೇಡಿಯೋ ಅಲೆಗಳ ಬಲದಲ್ಲಿ ಒಂದು ತಗ್ಗು ಕಂಡಿತು. ವಿಶ್ವಕ್ಕೆ 18 ಕೋಟಿ ವರ್ಷ ವಯಸ್ಸಾಗಿದ್ದಾಗ ಹೈಡ್ರೋಜನ್ ಅನಿಲ ತನ್ನ ಹಿಂದಿನಿಂದ ಬರುತ್ತಿದ್ದ ಅಲೆಗಳನ್ನು ಹೀರಿಕೊಂಡ ಗುರುತು ಅದು ಎಂದರು ಆ ತಂಡದವರು. ಆದರೆ ಲೆಕ್ಕ ಹಾಕಿದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಆಳ! ಅನಿಲ ತಣ್ಣಗಿದ್ದಷ್ಟೂ ಹೀರುವುದು ಜಾಸ್ತಿ. ಹಾಗಾದರೆ ಅದು ಅಷ್ಟು ತಣ್ಣಗಾಗಿದ್ದು ಹೇಗೆ?

ಕಾಯಿಸಿದ ಹಾಲು ಬೇಗ ಆರಲಿ ಅಂತ ಪಾತ್ರೆಯನ್ನು ತಣ್ಣೀರಲ್ಲಿ ಇಡುತ್ತೇವೆ, ಅಲ್ವಾ? ಇಲ್ಲಿ ತಣ್ಣೀರು ಕಪ್ಪು ದ್ರವ್ಯವೇ ಇರಬಹುದು ಎಂದರು ಇಸ್ರೇಲಿನ ಖಗೋಳ ವಿಜ್ಞಾನಿ ರೆನ್ನನ್ ಬರ್ಕಾನಾ. ಕಪ್ಪು ದ್ರವ್ಯ ನಮಗೆ ಗೊತ್ತಿರುವುದು ಅದರ ಗುರುತ್ವದಿಂದ ಮಾತ್ರ. ಅದು ಹೈಡ್ರೋಜನ್‌ಗೆ ತಾಗಿ ಬಿಸಿ ಎಳೆದುಕೊಂಡಿದ್ದರೆ, ಅದರ ಕಣ ತುಂಬಾ ಹಗುರ ಇರಬೇಕು. ಕೆಲವು ಪ್ರೋಟಾನ್‌ಗಳಷ್ಟು ತೂಕ, ಅದಕ್ಕಿಂತ ಜಾಸ್ತಿ ಇಲ್ಲ.

ಇಷ್ಟು ದೊಡ್ಡ ಮಾತನ್ನು ಇನ್ನೊಬ್ಬರು ಪರೀಕ್ಷಿಸಲೇಬೇಕಿತ್ತು. ಆ ಕೆಲಸಕ್ಕೆ ಇಳಿದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು. ಅವರ ಉಪಕರಣ ಸರಸ್-3. ಕಷ್ಟ ಎಲ್ಲಿ ಗೊತ್ತಾ? ನಮ್ಮ ಗ್ಯಾಲಕ್ಸಿಯ ಸದ್ದು ಈ ಸಂಕೇತಕ್ಕಿಂತ ಸಾವಿರಾರು ಪಟ್ಟು ಜೋರು. ಮೇಲಾಗಿ ಆಂಟೆನಾದ ಕೆಳಗಿನ ಮಣ್ಣು, ಕಲ್ಲು, ಪದರ ಪದರವಾಗಿ ಅಲೆಗಳನ್ನು ವಾಪಸ್ ಕಳಿಸಿ, ಇಲ್ಲದ ತಗ್ಗನ್ನು ಇದೆ ಅನ್ನಿಸಬಲ್ಲವು. ನೀರು ಹಾಗಲ್ಲ, ಎಲ್ಲೆಡೆ ಒಂದೇ ಸಮ. ಅದಕ್ಕೇ 2020ರ ಆರಂಭದಲ್ಲಿ ಶಂಕುವಿನಂಥ ಆಂಟೆನಾವನ್ನು ತೆಪ್ಪದ ಮೇಲಿಟ್ಟು ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟರು. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದದ್ದು ಆ ತೆಪ್ಪ.

2022ರಲ್ಲಿ ಫಲಿತಾಂಶ ಬಂತು. ಎಡ್ಜಸ್ ಕಂಡ ತಗ್ಗು ಆಕಾಶದ್ದಲ್ಲ ಎಂದು ಶೇಕಡಾ 95ರಷ್ಟು ಖಚಿತವಾಗಿ ಹೇಳಿದರು. ಹಾಗಂತ ಕಪ್ಪು ದ್ರವ್ಯ ಹೈಡ್ರೋಜನ್ ಅನ್ನು ತಾಗುವುದೇ ಇಲ್ಲ ಎಂದಲ್ಲ. ಆ ಒಂದು ಸಾಕ್ಷಿ ಬಿದ್ದುಹೋಯಿತು, ಅಷ್ಟೇ. ಹುಡುಕಾಟ ಬಿಡುವ ಹಾಗಿಲ್ಲ. ಮುಂದೆ ನಿಜವಾದ ತಗ್ಗು ಸಿಕ್ಕರೆ, ಅದು ಯಾವ ಕಾಲದ್ದು ಅನ್ನುವುದೂ ಮುಖ್ಯ. ಕಪ್ಪು ದ್ರವ್ಯದ ಕಣಗಳು ವೇಗವಾಗಿ ಓಡಾಡುವಂಥವಾಗಿದ್ದರೆ ಪುಟ್ಟ ಗ್ಯಾಲಕ್ಸಿಗಳು ಕೂಡಿಕೊಳ್ಳುವುದು ತಡ, ನಕ್ಷತ್ರಗಳೂ ತಡ, ತಗ್ಗೂ ತಡ.

ಅದೇ ತಂಡ ಈಗ ಚಂದ್ರನ ಸುತ್ತ ಸುತ್ತುವ ಪ್ರತುಷ್ ಎಂಬ ಉಪಕರಣ ಕಟ್ಟುವ ಯೋಚನೆಯಲ್ಲಿದೆ. ಚಂದ್ರನ ಆಚೆ ಬದಿಗೆ ಭೂಮಿಯ ಯಾವ ರೇಡಿಯೋ ಸ್ಟೇಷನ್ನೂ ಕೇಳಿಸದು. ಈಗ ನಿಮ್ಮನ್ನು ಮುಟ್ಟುತ್ತಿರುವ ನನ್ನ ದನಿ ಕೂಡ.