ರಾಗಿ ಹೂವಿನಿಂದ ಹೊರಟ ವಿಜ್ಞಾನ

ಕೇಳುಗರೆಲ್ಲರಿಗೂ ನಮಸ್ಕಾರ.

ವಿಶ್ವವಿದ್ಯಾನಿಲಯವೊಂದರಲ್ಲಿ ನಡೆಯುವ ಸಂಶೋಧನೆಯ ವಿಸ್ತಾರ ಎಷ್ಟೆಂದು ಯಾರಾದರೂ ಕೇಳಿದರೆ, ಅಲ್ಲಿರುವ ವಿಭಾಗಗಳ ಪಟ್ಟಿ, ಪ್ರಕಟವಾದ ಪ್ರಬಂಧಗಳ ಎಣಿಕೆ, ಬಿಡುಗಡೆಯಾದ ತಳಿಗಳ ಲೆಕ್ಕ, ಇವಿಷ್ಟನ್ನು ಮುಂದಿಡುವುದು ವಾಡಿಕೆ. ವಾರ್ಷಿಕ ವರದಿಗೆ ಅಷ್ಟು ಸಾಕಾದೀತು. ಕೇಳಿದವರಿಗೆ ಮಾತ್ರ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಮಟ್ಟಿಗೆ ಹೇಳುವುದಾದರೆ, ಒಂದೇ ಒಂದು ಬೆಳೆಯನ್ನು ಹಿಡಿದು ಹೊರಟರೂ ಅಲ್ಲಿನ ಹತ್ತಾರು ಶಾಸ್ತ್ರಗಳ ಬಾಗಿಲುಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಆ ಬೆಳೆ ರಾಗಿ.

ಈ ವಿಶ್ವವಿದ್ಯಾನಿಲಯದ ಬೇರು 1964ಕ್ಕಿಂತ ಹಿಂದಿನದು. 1899ರಲ್ಲಿ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಜಮೀನನ್ನು ಕೃಷಿ ಪ್ರಯೋಗಗಳಿಗೆಂದು ಕೊಟ್ಟರು. ಮುಂದೆ ಕೆನಡಾದಿಂದ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಿಕೆಗೆ ತಗಲುತ್ತಿದ್ದ ಕೊಳೆರೋಗದ ಶಿಲೀಂಧ್ರವನ್ನು ಗುರುತಿಸಿ, 1910ರಲ್ಲಿ ಅದನ್ನು ವಿವರಿಸಿ ಪ್ರಕಟಿಸಿದರು. ಇಂದಿಗೂ ಮಳೆಗಾಲದ ಹೊಸ್ತಿಲಲ್ಲಿ ತೋಟದವರು ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆಂದರೆ ಅದರ ಹಿಂದೆ ಆ ಕಾಲದ ದುಡಿಮೆಯಿದೆ.

ಇನ್ನು ರಾಗಿಯ ವಿಚಾರ. ರಾಗಿಯ ಹೂವನ್ನು ಹತ್ತಿರದಿಂದ ನೋಡಿದವರು ಕಡಿಮೆ. ತೆನೆಯ ಇಲುಕುಗಳ, ಅಂದರೆ ಬೆರಳಿನಂಥ ಕವಲುಗಳ, ಉದ್ದಕ್ಕೂ ಸಾಲಾಗಿ ಕೂತಿರುವ ಆ ಹೂಗಳು ಎಷ್ಟು ಚಿಕ್ಕವೆಂದರೆ ಭೂತಗನ್ನಡಿ ಇಲ್ಲದೆ ಕೇಸರವನ್ನೂ ಶಲಾಕೆಯನ್ನೂ ಬೇರ್ಪಡಿಸಿ ಕಾಣುವುದು ಕಷ್ಟ. ಅವು ಅರಳುವುದಾದರೂ ನಡುರಾತ್ರಿ ಕಳೆದು ಬೆಳಗಾಗುವುದರೊಳಗೆ. ಅರಳುವ ಹೊತ್ತಿಗೆ ತನ್ನ ಪರಾಗವೇ ತನ್ನ ಶಲಾಗ್ರಕ್ಕೆ ತಾಗಿ ಕೆಲಸ ಮುಗಿದಿರುತ್ತದೆ. ಎರಡು ತಳಿಗಳನ್ನು ಸಂಕರಗೊಳಿಸಬೇಕೆನ್ನುವವನಿಗೆ ಇದಕ್ಕಿಂತ ದೊಡ್ಡ ತೊಡಕು ಬೇಕಿಲ್ಲ. ತಳಿಗಾರರು ಕಂಡುಕೊಂಡ ಒಂದು ಉಪಾಯವೆಂದರೆ, ತಾಯಿ ಗಿಡದ ತೆನೆಯನ್ನೂ ತಂದೆ ಗಿಡದ ತೆನೆಯನ್ನೂ ಒಂದಕ್ಕೊಂದು ತಾಗುವಂತೆ ಸೇರಿಸಿ ಕಟ್ಟಿ, ಕಾಗದದ ಚೀಲ ಹೊದಿಸಿ, ನೂರಾರು ಹೂಗಳಲ್ಲಿ ಎಲ್ಲೋ ಕೆಲವಾದರೂ ಪರಕೀಯ ಪರಾಗವನ್ನು ಸ್ವೀಕರಿಸಲೆಂದು ಕಾಯುವುದು. ಹಾಗೆ ಸಿಕ್ಕ ಕಾಳುಗಳಲ್ಲಿ ಯಾವುದು ನಿಜವಾದ ಸಂಕರ, ಯಾವುದು ಅಲ್ಲ ಎಂದು ತಿಳಿಯಲು ತಂದೆಯಾಗಿ ನೇರಳೆ ಬಣ್ಣದ ಗಿಡವನ್ನು ಆರಿಸುತ್ತಾರೆ. ಮೊಳೆತ ಪೈರಿನ ಗೆಣ್ಣಿನಲ್ಲಿ ಆ ಬಣ್ಣ ಕಂಡರೆ ಅದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಕಿತ್ತುಹಾಕುತ್ತಾರೆ.

ಇಂಥ ತಾಳ್ಮೆಯ ಕೆಲಸಕ್ಕೆ ಬಾಳನ್ನೇ ಮುಡಿಪಾಗಿಟ್ಟವರು ಡಾ. ಲಕ್ಷ್ಮಣಯ್ಯನವರು. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ದುಡಿದ ಅವರನ್ನು ಜನ ರಾಗಿ ಬ್ರಹ್ಮ ಎಂದೇ ಕರೆದರು. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳಾದ ಮೇಲೆ ಅವರ ಗಮನ ಹರಿದದ್ದು ಆಫ್ರಿಕಾದ ಕಡೆಗೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಹೊರಟು ಬಂದ ರಾಗಿ ನಮ್ಮ ಮಣ್ಣಿಗೆ, ನಮ್ಮ ಮಳೆಗೆ ಒಗ್ಗಿಕೊಳ್ಳುತ್ತ ಬೇರೆಯೇ ಆಯಿತು. ಅಲ್ಲೇ ಉಳಿದ ರಾಗಿಯಲ್ಲಿ ಗಟ್ಟಿ ದಂಟು, ದಪ್ಪ ತೆನೆ, ರೋಗ ತಡೆಯುವ ಶಕ್ತಿ ಉಳಿದುಕೊಂಡಿದ್ದವು. ಬಹುಕಾಲ ದೂರವಾಗಿದ್ದ ಈ ಎರಡು ಕವಲುಗಳನ್ನು ಕೂಡಿಸಿ ಅವರು ರೂಪಿಸಿದ ಇಂಡಾಫ್ ತಳಿಗಳು 1970ರ ದಶಕದಲ್ಲಿ ಹೊಲಕ್ಕೆ ಇಳಿದವು. ಮಳೆ ಬೇಗ ಬಂದರೆ ಸುಮಾರು ನಾಲ್ಕು ತಿಂಗಳ ಇಂಡಾಫ್ 8, ತಡವಾದರೆ ಅದಕ್ಕಿಂತ ಮೂರು ವಾರ ಮೊದಲೇ ಕೊಯ್ಲಿಗೆ ಬರುವ ಇಂಡಾಫ್ 9, ಹೀಗೆ ಮುಂಗಾರಿನ ಚಂಚಲ ಸ್ವಭಾವಕ್ಕೆ ತಕ್ಕಂತೆ ತಳಿ ಆರಿಸುವ ಅನುಕೂಲ ರೈತನಿಗೆ ಆಗ ದೊರೆಯಿತು. ನನ್ನ ದೃಷ್ಟಿಯಲ್ಲಿ ಇಳುವರಿ ಹೆಚ್ಚಿದ್ದಕ್ಕಿಂತಲೂ ಇದು ದೊಡ್ಡ ಕೊಡುಗೆ.

ಒಂದು ತೊಡಕು ಬಗೆಹರಿದರೆ ಇನ್ನೊಂದು ಎದುರಾಗುವುದು ಸಹಜ. ತೆನೆಯ ಕುತ್ತಿಗೆಗೆ ತಗಲುವ ಬೆಂಕಿ ರೋಗ, ಅಂದರೆ ಇಲುಕು ರೋಗ, ಕಾಳು ಕಟ್ಟುವ ಹೊತ್ತಿಗೆ ಬಂದರೆ ತೆನೆ ಜೊಳ್ಳಾಗುತ್ತದೆ. ಇಲ್ಲಿ ತಳಿಶಾಸ್ತ್ರದ ಪಕ್ಕಕ್ಕೆ ಸಸ್ಯರೋಗಶಾಸ್ತ್ರ ಬಂದು ನಿಂತಿತು. ಇಂಡಾಫ್ ತಳಿಗಳನ್ನೇ ಆಫ್ರಿಕಾ ಮೂಲದ ಮತ್ತೊಂದು ತಳಿಯೊಡನೆ ಬೆರೆಸಿ ಪಡೆದ ಜಿ.ಪಿ.ಯು. 28 ಈ ರೋಗವನ್ನು ಚೆನ್ನಾಗಿ ತಡೆದುಕೊಂಡಿತು, ದಕ್ಷಿಣ ಕರ್ನಾಟಕದ ಹೊಲಗಳಲ್ಲೆಲ್ಲ ಹರಡಿತು. 2017ರಲ್ಲಿ ಡಾ. ಶೈಲಜಾ ಹಿತ್ತಲಮನಿಯವರ ನೇತೃತ್ವದ ತಂಡ ಎಂ.ಎಲ್. 365 ಎಂಬ ತಳಿಯನ್ನು ಆಧರಿಸಿ ರಾಗಿಯ ಜೀನೋಮ್, ಅಂದರೆ ಅದರ ಇಡೀ ಆನುವಂಶಿಕ ಮಾಹಿತಿಯ, ಅನುಕ್ರಮವನ್ನು ಪ್ರಕಟಿಸಿತು. 85 ಸಾವಿರಕ್ಕೂ ಹೆಚ್ಚು ಜೀನ್‌ಗಳು ಅದರಲ್ಲಿ ಗುರುತಾದವು. ತೆನೆಗೆ ತೆನೆ ಕಟ್ಟುವ ಕೈಕೆಲಸದಿಂದ ಈ ಲೆಕ್ಕಾಚಾರದವರೆಗಿನ ದಾರಿ ಒಂದೇ ವಿಶ್ವವಿದ್ಯಾನಿಲಯದ ಒಳಗೆ ಸಾಗಿದೆ.

ಬೇಸಾಯಶಾಸ್ತ್ರದವರ ಕೆಲಸ ಸುದ್ದಿಯಾಗುವುದು ಕಡಿಮೆ. ರಾಗಿಯ ನಡುವೆ ಅಕ್ಕಡಿ ಸಾಲು ಹಾಕುವುದು ನಮ್ಮ ಹಿರಿಯರಿಗೆ ಗೊತ್ತಿದ್ದ ಪದ್ಧತಿ. ರಾಗಿ ಎಂಟು ಸಾಲಿಗೆ ತೊಗರಿ ಎರಡು ಸಾಲು ಎಂಬ ಶಿಫಾರಸು ನೀಡುವುದಕ್ಕೆ ಮಾತ್ರ ವರ್ಷಗಟ್ಟಲೆ ಒಂದೇ ಬಗೆಯ ತಾಕುಗಳಲ್ಲಿ ಬಿತ್ತಿ, ಅಳೆದು, ಮಳೆ ಕೈಕೊಟ್ಟ ವರ್ಷವನ್ನೂ ಬಿಡದೆ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಮಳೆಯ ಮಾತು ಬಂದದ್ದರಿಂದ ಬೆಳೆ ಶರೀರಕ್ರಿಯಾಶಾಸ್ತ್ರ ವಿಭಾಗದ ಒಂದು ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಾವ ಗಿಡ ಕಡಿಮೆ ನೀರು ಕುಡಿದು ಹೆಚ್ಚು ಬೆಳೆಯುತ್ತದೆ ಎಂದು ತಿಳಿಯಲು ಪ್ರತಿ ಕುಂಡವನ್ನೂ ದಿನವೂ ತೂಗುತ್ತ ಕೂರಬೇಕು. ಸಾವಿರಾರು ತಳಿಗಳಿದ್ದರೆ ಅದು ಆಗದ ಮಾತು. ಆದರೆ ಗಾಳಿಯ ಇಂಗಾಲದಲ್ಲಿ ನೂರಕ್ಕೆ ಸುಮಾರು ಒಂದು ಪಾಲು ತುಸು ಭಾರವಾದದ್ದು, ಅದೇ ಇಂಗಾಲ 13. ಎಲೆಯೊಳಗೆ ಇಂಗಾಲವನ್ನು ಹಿಡಿಯುವ ಕಿಣ್ವಕ್ಕೆ ಹಗುರವಾದದ್ದೇ ಇಷ್ಟ. ನೀರು ಉಳಿಸಲು ಗಿಡ ಪತ್ರರಂಧ್ರಗಳನ್ನು ಕಿರಿದು ಮಾಡಿದಾಗ ಒಳಗಿನ ಗಾಳಿಯಲ್ಲಿ ಇಂಗಾಲದ ಅಭಾವ ಬಂದು, ಕಿಣ್ವ ಭಾರದ ಇಂಗಾಲವನ್ನೂ ಬಿಡದೆ ಹಿಡಿಯುತ್ತದೆ. ಹೀಗಾಗಿ ಒಣಗಿದ ಎಲೆಯ ಒಂದು ಚಿಟಿಕೆ ಪುಡಿಯನ್ನು ಯಂತ್ರಕ್ಕೆ ಕೊಟ್ಟು ಎರಡು ಇಂಗಾಲಗಳ ಪ್ರಮಾಣವನ್ನು ಅಳೆದರೆ, ಆ ಗಿಡ ತಾನು ಬೆಳೆದ ಅಷ್ಟೂ ಕಾಲ ನೀರನ್ನು ಹೇಗೆ ಬಳಸಿತೆಂಬ ಲೆಕ್ಕ ಸಿಗುತ್ತದೆ. ಭತ್ತ, ಕಡಲೆಕಾಯಿಗಳಲ್ಲಿ ಈ ಅಳತೆ ಚೆನ್ನಾಗಿ ನಡೆಯುತ್ತದೆ. ರಾಗಿ ಇಂಗಾಲ ಹಿಡಿಯುವ ಬಗೆಯೇ ಬೇರೆಯಾದ್ದರಿಂದ ಅದಕ್ಕೆ ಇದು ಅಷ್ಟಾಗಿ ಹೊಂದುವುದಿಲ್ಲ. ಭೌತಶಾಸ್ತ್ರದ ಉಪಕರಣವೊಂದು ಹೊಲದ ಬರಗಾಲದ ಪ್ರಶ್ನೆಗೆ ಉತ್ತರ ಹುಡುಕುವುದನ್ನು ಕಂಡಾಗ ಶಾಸ್ತ್ರಗಳ ನಡುವಿನ ಗೋಡೆಗಳು ಕೇವಲ ಕಟ್ಟಡದವು ಎನಿಸುತ್ತದೆ.

ಉಳಿದ ಬೆಳೆಗಳ ವಿಷಯದಲ್ಲಿ ಬೇಗ ಮುಂದೆ ಸಾಗುತ್ತೇನೆ. 1980ರಲ್ಲಿ ಬಂದ ಬಿ.ಎಸ್.ಎಚ್. 1 ಭಾರತದ ಮೊದಲ ಸೂರ್ಯಕಾಂತಿ ಸಂಕರ ತಳಿ. 1990ರ ದಶಕದಲ್ಲಿ ಮಂಡ್ಯದಿಂದ ಕೆ.ಆರ್.ಎಚ್. 2 ಎಂಬ ಸಂಕರ ಭತ್ತ ಹೊರಬಂತು. ಅವರೆಯದು ಸ್ವಾರಸ್ಯದ ಕಥೆ: ಹಗಲು ಕಿರಿದಾದ ಮೇಲಷ್ಟೇ ಹೂ ಬಿಡುತ್ತಿದ್ದ ಅವರೆಗೆ ಬದಲಾಗಿ ಯಾವ ಕಾಲದಲ್ಲಿ ಬಿತ್ತಿದರೂ ಕಾಯಿ ಕೊಡುವ ಹೆಬ್ಬಾಳ ಅವರೆ ತಳಿಗಳು ಬಂದವು. ಮಾಗಿಯ ಸೊಗಡವರೆಯ ರುಚಿ ಅದಕ್ಕಿಲ್ಲವೆಂದು ಗೊಣಗುವವರಿದ್ದಾರೆ, ನಾನೂ ಅವರಲ್ಲೊಬ್ಬ. ಆದರೂ ಬೇಸಿಗೆಯಲ್ಲಿ ಸಿಕ್ಕ ಅವರೆಕಾಳನ್ನು ಬೇಡವೆಂದವನಲ್ಲ.

ಹೊಲಕ್ಕೆ ನೇರ ಸಂಬಂಧವಿಲ್ಲದ ಪ್ರಶ್ನೆಗಳನ್ನೂ ಈ ವಿಶ್ವವಿದ್ಯಾನಿಲಯ ಕೈಗೆತ್ತಿಕೊಂಡಿದೆ ಎಂಬುದು ನನಗೆ ಹೆಚ್ಚು ಮೆಚ್ಚುಗೆಯಾದ ಸಂಗತಿ. ನಮ್ಮ ಬೀಟೆಯ ಕುಲಕ್ಕೆ ಸೇರಿದ ಶೀಶಮ್ ಮರದ ಕಾಯಿಯಲ್ಲಿ ಬೀಜವಾಗಬಲ್ಲ ನಾಲ್ಕೈದು ಅಂಡಕಗಳಿದ್ದರೂ ಬಲಿಯುವುದು ಬಹುಪಾಲು ಒಂದೇ ಬೀಜ. ಮಿಕ್ಕವು ಏಕೆ ಸಾಯುತ್ತವೆ? ಡಾ. ಕೆ.ಎನ್. ಗಣೇಶಯ್ಯ ಮತ್ತು ಡಾ. ಆರ್. ಉಮಾಶಂಕರ್ ಅವರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲು ಫಲಿತವಾದ ಬೀಜವೇ ರಾಸಾಯನಿಕವೊಂದರ ಮೂಲಕ ತನ್ನ ಒಡಹುಟ್ಟಿದವನ್ನು ಕೊಲ್ಲುತ್ತದೆ ಎಂಬುದಕ್ಕೆ ಆಧಾರ ತೋರಿಸಿದರು. ಒಂದೇ ಬೀಜವಿರುವ ಕಾಯಿ ಹಗುರವಾಗಿ ಗಾಳಿಯಲ್ಲಿ ಹೆಚ್ಚು ದೂರ ಹಾರುತ್ತದೆ. ಬೀಜಕ್ಕೆ ಅದರಿಂದ ಲಾಭ. ತಾಯಿ ಮರಕ್ಕಾದರೋ ಪ್ರತಿ ಬೀಜಕ್ಕೂ ಒಂದೊಂದು ಕಾಯಿ ಕಟ್ಟುವ ಖರ್ಚು. ಗಣೇಶಯ್ಯನವರನ್ನು ಕಾದಂಬರಿಕಾರರೆಂದಷ್ಟೇ ಬಲ್ಲ ಕನ್ನಡ ಓದುಗರಿಗೆ ಈ ಕೆಲಸದ ಪರಿಚಯವೂ ಆಗಬೇಕು.

ಉಮಾಶಂಕರ್ ಅವರ ತಂಡ ಮುಂದೆ ಪಶ್ಚಿಮ ಘಟ್ಟದ ನೋಥಪೊಡೈಟಿಸ್ ಎಂಬ ಮರವನ್ನು ಅಭ್ಯಸಿಸಿತು. ಕ್ಯಾನ್ಸರ್ ಔಷಧಿಗಳಿಗೆ ಮೂಲವಾದ ಕ್ಯಾಂಪ್ಟೊಥೆಸಿನ್ ಅದರ ತೊಗಟೆ, ಬೇರುಗಳಲ್ಲಿದೆ. ಅದಕ್ಕಾಗಿಯೇ ಮರಗಳು ಕಡಿತಕ್ಕೆ ಗುರಿಯಾಗಿವೆ. ಯಾವ ಭಾಗದ ಮರಗಳಲ್ಲಿ ಆ ರಾಸಾಯನಿಕ ಹೆಚ್ಚಿದೆಯೆಂದು ತಂಡ ಹುಡುಕಿತು. ಮರದ ಒಳಗೆ ನೆಲೆಸಿರುವ ಕೆಲವು ಶಿಲೀಂಧ್ರಗಳೂ ಅದನ್ನು ತಯಾರಿಸಬಲ್ಲವೆಂದು ತಿಳಿದಾಗ, ಮರ ಕಡಿಯದೆ ಔಷಧಿ ಪಡೆಯಬಹುದೆಂಬ ಆಸೆ ಮೂಡಿತು. ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಸುತ್ತ ಹೋದಂತೆ ಆ ಶಿಲೀಂಧ್ರಗಳ ತಯಾರಿಕೆ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ. ಮರದಿಂದ ಅವಕ್ಕೆ ಸಿಗುತ್ತಿದ್ದುದೇನು, ತಟ್ಟೆಯಲ್ಲಿ ಸಿಗದಿರುವುದೇನು ಎಂಬುದೇ ಅಲ್ಲಿ ಉಳಿದಿರುವ ಪ್ರಶ್ನೆ.

ನಮಸ್ಕಾರ.