ಭೂಮಿ ಅಡ್ಡ ಬಂದಿದೆ, ಸರ್

ಕೇಳುಗರಿಗೆ ನಮಸ್ಕಾರ.

"ನಿಮ್ಮ ಚುಕ್ಕಿ ಎಲ್ಲೂ ಓಡಿಹೋಗಂಗಿಲ್ಲ ಬಿಡ್ರಿ. ಸೂಟಿ ಬಿದ್ದ ಮ್ಯಾಲೆ ಹೋಗಿ ಬರ್ರಿ."

ನನ್ನ ಓಓಡಿ, ಅಂದರೆ ಕೆಲಸದ ಮೇಲೆ ಹೊರಗೆ ಹೋಗಲು ಕೊಡುವ ರಜೆಯ, ಅರ್ಜಿಯನ್ನು ಮೇಜಿನ ಮೇಲೆ ವಾಪಸ್ ಸರಿಸುತ್ತಾ ನಮ್ಮ ಆಗಿನ ಪ್ರಿನ್ಸಿಪಾಲರು ಹೇಳಿದ ಮಾತಿದು. ನಾನು ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವನು. ಪುಣೆಯ ಆಯುಕಾ ಸಂಸ್ಥೆ ನನ್ನನ್ನು ಮೂರು ವರ್ಷಕ್ಕೆ ವಿಸಿಟಿಂಗ್ ಅಸೋಸಿಯೇಟ್ ಅಂತ ಆರಿಸಿಕೊಂಡಿತ್ತು. ಪತ್ರ ಕೈಗೆ ಬಂದಾಗ ಸಿಹಿ ಹಂಚಿದ್ದೆ. ರಜೆ ಮಾತ್ರ ಸಿಗಲಿಲ್ಲ. ಕೊನೆಗೆ 2018ರ ಮೇ ತಿಂಗಳಲ್ಲಿ, ಸೂಟಿ ಬಿದ್ದ ಮೇಲೆಯೇ, ಹುಬ್ಬಳ್ಳಿಯಲ್ಲಿ ರಾತ್ರಿ ರೈಲು ಹತ್ತಿದೆ. ಬೆಳಗಾವಿ, ಮೀರಜ್, ಸಾತಾರಾ ದಾಟಿ ಪುಣೆ.

ಆಯುಕಾ ಅಂದರೆ ಏನು ಅಂತ ಒಂದೆರಡು ಮಾತು. ಇಂಟರ್ ಯೂನಿವರ್ಸಿಟಿ ಸೆಂಟರ್ ಫಾರ್ ಅಸ್ಟ್ರಾನಮಿ ಅಂಡ್ ಅಸ್ಟ್ರೋಫಿಸಿಕ್ಸ್ ಎನ್ನುವ ಮಾರುದ್ದದ ಹೆಸರಿನ ಚುಟುಕು ರೂಪ ಅದು. ವಿಜ್ಞಾನಿ ಯಶ್ ಪಾಲ್ ಅವರು ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಧ್ಯಕ್ಷರಾಗಿದ್ದಾಗ, 1988ರಲ್ಲಿ, ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿ ಶುರುವಾಯಿತು. ಕಟ್ಟಿ ನಿಲ್ಲಿಸಿದವರು ಖಗೋಳ ವಿಜ್ಞಾನಿ ಜಯಂತ್ ನಾರ್ಳೀಕರ್. 2003ರವರೆಗೆ ಅವರೇ ನಿರ್ದೇಶಕರು. 2025ರ ಮೇ ತಿಂಗಳಲ್ಲಿ ತೀರಿಕೊಂಡರು. ಕೇಂಬ್ರಿಜ್‌ನಲ್ಲಿ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ಅವರ ಶಿಷ್ಯರಾಗಿದ್ದವರು ಅವರು. ಹಾಯ್ಲ್ ಕಟ್ಟಿದ ಸಂಸ್ಥೆಗೆ ಬೇಸಿಗೆ ಬಂತೆಂದರೆ ಹೊರಗಿನ ವಿಜ್ಞಾನಿಗಳು ಬಂದು ತಿಂಗಳುಗಟ್ಟಲೆ ಇದ್ದು ಕೆಲಸ ಮಾಡುತ್ತಿದ್ದರು. ಅದನ್ನು ನಾರ್ಳೀಕರ್ ಕಣ್ಣಾರೆ ಕಂಡಿದ್ದರು.

ಆಯುಕಾದ ಲೆಕ್ಕವೂ ಸರಳ. ಪ್ರತಿ ಕಾಲೇಜಿಗೂ ದೊಡ್ಡ ಲೈಬ್ರರಿ, ದೊಡ್ಡ ಕಂಪ್ಯೂಟರ್, ದುರ್ಬೀನು ಕೊಡಿಸಲು ಆಗುತ್ತದಾ? ಆಗೋದಿಲ್ಲ. ಒಂದು ಕಡೆ ಎಲ್ಲ ಇಟ್ಟು, ಪಾಠ ಮಾಡುವವರನ್ನು ಅಲ್ಲಿಗೇ ಕರೆಸಿಕೊಂಡರೆ? ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಕೆಲಸದಲ್ಲಿರುವವರು ಅರ್ಜಿ ಹಾಕಬಹುದು. ಸಂಬಳ ನಮ್ಮ ಕಾಲೇಜಿನದು. ಹೋಗಿ ಬರುವ ಖರ್ಚು, ಇರುವ ವ್ಯವಸ್ಥೆ ಅವರದು. ವರ್ಷಕ್ಕೆ ಕೆಲವು ವಾರ ಹೋಗಿ ಇರಬಹುದು. ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಒಂದೇ ಸಂಗತಿ. ಅವರು ಕರೆಸಿಕೊಳ್ಳುತ್ತಾರೆ, ಇಟ್ಟುಕೊಳ್ಳುವುದಿಲ್ಲ. ಜೂನ್ ಬಂದರೆ ನಾನು ಮತ್ತೆ ನನ್ನ ಚಾಕ್‌ಪೀಸ್ ಹತ್ತಿರವೇ ಇರಬೇಕು.

ಇನ್ನು ನನ್ನ ಕೆಲಸದ ಕಥೆ. ಅಸ್ಟ್ರೋಸ್ಯಾಟ್ ಹೆಸರು ಕೇಳಿರುತ್ತೀರಿ. 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಉಪಗ್ರಹ. ಆಕಾಶ ನೋಡಲಿಕ್ಕೆಂದೇ ಮಾಡಿದ್ದು. ಸುಮಾರು 650 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತದೆ. ಅದು ಕಂಡದ್ದೆಲ್ಲ ಕೆಳಗಿಳಿದು ಬರುವುದು ನಮ್ಮ ಬೆಂಗಳೂರಿನ ಪಕ್ಕದ ಬ್ಯಾಲಾಳು ಕೇಂದ್ರಕ್ಕೆ. ಅಲ್ಲಿಂದ ಆ ಡೇಟಾವನ್ನು ಇಂಟರ್ನೆಟ್‌ನಲ್ಲಿ ಇಳಿಸಿಕೊಳ್ಳಬಹುದು. ಹಾಗಾದರೆ ಪುಣೆಗೆ ಯಾಕೆ ಹೋಗಬೇಕಿತ್ತು ಅಂತೀರಾ? ನಾನೂ ಹಾಗೇ ಅಂದುಕೊಂಡು ಮನೆಯಲ್ಲೇ ಒಂದು ವರ್ಷ ಆ ಫೈಲುಗಳ ಜೊತೆ ಗುದ್ದಾಡಿದ್ದೆ. ಫೈಲು ತೆರೆಯುತ್ತಿತ್ತು. ಒಳಗೆ ಏನಿದೆ ಅಂತ ತಿಳಿಯುತ್ತಿರಲಿಲ್ಲ. ಕೇಳೋಣವೆಂದರೆ ಊರಲ್ಲಿ ಯಾರೂ ಇಲ್ಲ.

ನಾನು ಆರಿಸಿಕೊಂಡದ್ದು ಒಂದು ಕಪ್ಪುಕುಳಿ, ಅಂದರೆ ಬ್ಲ್ಯಾಕ್ ಹೋಲ್. ಹೆಸರು ಜಿಆರ್‌ಎಸ್ 1915+105. 1992ರಲ್ಲಿ ಪತ್ತೆಯಾಯಿತು. ಸೂರ್ಯನ ಹತ್ತು ಹನ್ನೆರಡು ಪಟ್ಟು ತೂಕ. ಸುಮಾರು 30,000 ಜ್ಯೋತಿರ್ವರ್ಷ ದೂರ. ಪಕ್ಕದಲ್ಲಿರುವ ನಕ್ಷತ್ರದಿಂದ ಅನಿಲವನ್ನು ಎಳೆದುಕೊಳ್ಳುತ್ತದೆ. ಆ ಅನಿಲ ಸುತ್ತುತ್ತಾ ಒಳಗೆ ಇಳಿಯುವಾಗ ಕಾದು ಎಕ್ಸ್-ರೇ ಸೂಸುತ್ತದೆ. ಕೆಲವೊಮ್ಮೆ ಆ ಎಕ್ಸ್-ರೇ ಒಂದೆರಡು ನಿಮಿಷಕ್ಕೊಮ್ಮೆ ಏರಿ ಇಳಿಯುತ್ತದೆ. ಗ್ರಾಫ್ ಹಾಕಿ ನೋಡಿದರೆ ಥೇಟ್ ಆಸ್ಪತ್ರೆಯ ಇಸಿಜಿ ಚೀಟಿ. ಅದಕ್ಕೇ ಅದನ್ನು ಎದೆಬಡಿತ ಅಂತಲೇ ಕರೆಯುತ್ತಾರೆ.

ಪುಣೆಯಲ್ಲಿ ನಾಲ್ಕನೇ ದಿನ ನನ್ನ ಮೊದಲ ಗ್ರಾಫ್ ಬಂತು. ಡಬ್, ಡಬ್, ಡಬ್ ಅಂತ ಸಾಲಾಗಿ ಬಡಿತ. ಖುಷಿಯಾಯಿತು. ಆಮೇಲೆ ಇದ್ದಕ್ಕಿದ್ದಂತೆ ಸೊನ್ನೆ. ಅರ್ಧ ಗಂಟೆಗೂ ಜಾಸ್ತಿ ಏನೂ ಇಲ್ಲ. ಮತ್ತೆ ಬಡಿತ. ನನ್ನ ಎದೆಯೇ ಜೋರಾಗಿ ಹೊಡೆದುಕೊಂಡಿತು. ಕಪ್ಪುಕುಳಿ ಅರ್ಧ ಗಂಟೆ ಉಸಿರು ಹಿಡಿಯುತ್ತದೆ! ಯಾರೂ ನೋಡದ್ದನ್ನು ನಾನು ನೋಡಿಬಿಟ್ಟೆ! ಮನಸ್ಸಿನಲ್ಲೇ ಪೇಪರಿಗೆ ತಲೆಬರಹವನ್ನೂ ಬರೆದೆ, ಸುಳ್ಳು ಯಾಕೆ ಹೇಳಲಿ.

ಪಕ್ಕದ ಕುರ್ಚಿಯಲ್ಲಿ ಅಸ್ಸಾಮಿನ ಹುಡುಗಿಯೊಬ್ಬಳು, ಪಿಎಚ್‌ಡಿ ಮಾಡುವವಳು, ಕೂತಿದ್ದಳು. ನನ್ನ ವಯಸ್ಸಿನ ಅರ್ಧ ಇರಬಹುದು. ತೋರಿಸಿದೆ. ಒಂದು ಕ್ಷಣ ನೋಡಿ ಹೇಳಿದಳು: "ಅದು ನಿಂತಿಲ್ಲ, ಸರ್. ಭೂಮಿ ಅಡ್ಡ ಬಂದಿದೆ."

ಹೌದಲ್ವಾ! ಉಪಗ್ರಹ ಸುಮಾರು 98 ನಿಮಿಷಕ್ಕೊಂದು ಸುತ್ತು ಹಾಕುತ್ತದೆ. ಪ್ರತಿ ಸುತ್ತಿನಲ್ಲೂ ಸ್ವಲ್ಪ ಹೊತ್ತು ಅದರ ಮತ್ತು ಕಪ್ಪುಕುಳಿಯ ನಡುವೆ ನಮ್ಮ ಭೂಮಿಯೇ ಇರುತ್ತದೆ. ಅಷ್ಟೇ ಅಲ್ಲ, ದಕ್ಷಿಣ ಅಟ್ಲಾಂಟಿಕ್ ಸಾಗರದ ಮೇಲೆ ವಿದ್ಯುತ್ ಕಣಗಳ ದಟ್ಟಣೆ ಜಾಸ್ತಿ ಇರುವ ಜಾಗವೊಂದಿದೆ. ಅಲ್ಲಿ ಹಾಯುವಾಗ ಉಪಕರಣ ಹಾಳಾಗದಿರಲಿ ಅಂತ ಅದರ ವೋಲ್ಟೇಜ್ ಇಳಿಸುತ್ತಾರೆ. ಗ್ರಹಣದ ಪಾಠವನ್ನು ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಟ್ಟವನು ನಾನು. ಆ ಹುಡುಗಿ ನಗಲಿಲ್ಲ. "ನಾನೂ ಮೊದಲು ಹೀಗೇ ಅಂದುಕೊಂಡಿದ್ದೆ" ಅಂದಳು. ಇಬ್ಬರೂ ಚಹಾಕ್ಕೆ ಹೋದೆವು.

ಒಂದು ವರ್ಷ ಮನೆಯಲ್ಲಿ ಸಿಗದಿದ್ದ ಉತ್ತರ ಅಲ್ಲಿ ಒಂದು ನಿಮಿಷದಲ್ಲಿ ಸಿಕ್ಕಿತು. ದುರ್ಬೀನು, ಕಂಪ್ಯೂಟರ್ ಎಲ್ಲ ಸರಿ. ಆಯುಕಾದ ಎರಡು ಮೀಟರ್ ದುರ್ಬೀನು ಪುಣೆಯಿಂದ ಸ್ವಲ್ಪ ದೂರದ ಗಿರವಲಿಯಲ್ಲಿದೆ. ನಾನು ಅದನ್ನು ಸುಮ್ನೆ ಹೋಗಿ ನೋಡಿ ಬಂದೆ ಅಷ್ಟೇ. ನನಗೆ ಬೇಕಾಗಿದ್ದದ್ದು ಪಕ್ಕದ ಕುರ್ಚಿ.

ಸಂಜೆ ಹೊತ್ತು ಆವರಣದಲ್ಲಿ ಅಡ್ಡಾಡುತ್ತಿದ್ದೆ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ವಿನ್ಯಾಸ. ಕಪ್ಪು ಕಲ್ಲಿನ ಗೋಡೆಗಳು, ನಡುವೆ ಕುಂಡ ಎನ್ನುವ ಅಂಗಳ. ಅಲ್ಲಿ ಆರ್ಯಭಟ, ಗೆಲಿಲಿಯೊ, ನ್ಯೂಟನ್, ಐನ್‌ಸ್ಟೈನ್ ಪ್ರತಿಮೆಗಳಿವೆ. ನಾನು ಜಾಸ್ತಿ ಹೊತ್ತು ನಿಲ್ಲುತ್ತಿದ್ದದ್ದು ಮಾತ್ರ ಫೂಕೋ ಲೋಲಕದ ಹತ್ತಿರ. ಉದ್ದ ತಂತಿಗೆ ಕಟ್ಟಿದ ಭಾರವಾದ ಗುಂಡು ತೂಗುತ್ತಿರುತ್ತದೆ. ಕೆಳಗೆ ಭೂಮಿ ತಿರುಗುವುದರಿಂದ ತೂಗುವ ದಿಕ್ಕು ನಿಧಾನಕ್ಕೆ ಸರಿಯುತ್ತದೆ. ಪುಣೆಯಲ್ಲಿ ಒಂದು ಪೂರ್ತಿ ಸುತ್ತಿಗೆ ಸುಮಾರು 75 ಗಂಟೆ. ಹುಬ್ಬಳ್ಳಿ ಇನ್ನೂ ದಕ್ಷಿಣಕ್ಕಿದೆ, ಅಲ್ಲಾದರೆ 90 ಗಂಟೆ. ಅಂದರೆ ಗಂಟೆಗೆ ನಾಲ್ಕು ಡಿಗ್ರಿ.

ಊರಿಗೆ ಬಂದವನು ಪಿಟಿ ಮಾಸ್ತರರಿಂದ ಗುಂಡು ಎಸೆತದ ಗುಂಡನ್ನು ಕಡ ತಂದೆ. ಮೂರನೇ ಮಹಡಿಯ ಮೆಟ್ಟಿಲ ಕಂಬಿಯಿಂದ ತಂತಿಯಲ್ಲಿ ಇಳಿಬಿಟ್ಟೆ. ಮೊದಲ ಮೂರು ಸಲ ಅದು ನೆಟ್ಟಗೆ ತೂಗದೆ ಮೊಟ್ಟೆಯಾಕಾರದಲ್ಲಿ ಸುತ್ತಿತು. ಕೈಯಿಂದ ಬಿಟ್ಟರೆ ಹಾಗೇ ಆಗುವುದು. ಗುಂಡನ್ನು ದಾರದಿಂದ ಪಕ್ಕಕ್ಕೆ ಎಳೆದು ಕಟ್ಟಿ, ಆ ದಾರವನ್ನು ಕಡ್ಡಿ ಗೀರಿ ಸುಡಬೇಕು. ನಾಲ್ಕನೇ ಸಲ ಒಂದು ಪೀರಿಯಡ್ ಮುಗಿಯುವುದರೊಳಗೆ ನೆಲದ ಮೇಲೆ ಚಾಕ್‌ಪೀಸಿನಿಂದ ಬರೆದ ಗೆರೆ ಬಿಟ್ಟು ಗುಂಡು ಸರಿದಿತ್ತು. ಮಕ್ಕಳು ಬೆಲ್ ಹೊಡೆದರೂ ಏಳಲಿಲ್ಲ. ಪ್ರಿನ್ಸಿಪಾಲರೂ ಬಂದು ಬಗ್ಗಿ ನೋಡಿದರು. ಮುಂದಿನ ವರ್ಷ ಓಓಡಿ ಸಿಕ್ಕಿತು. ನೋಡಿ, ಈ ಯೋಜನೆಯಲ್ಲಿ ಅಡಚಣೆ ಇರುವುದು ಪುಣೆಯಲ್ಲಲ್ಲ, ನಮ್ಮ ನಮ್ಮ ಕಾಲೇಜಿನ ರಜೆ ಅರ್ಜಿಯಲ್ಲಿ. ಅರ್ಜಿ ಹಾಕುವ ಮೇಷ್ಟ್ರುಗಳು ಮೊದಲು ಅದನ್ನೇ ಸರಿಮಾಡಿಕೊಳ್ಳಿ.

ಅಂದಹಾಗೆ, ಚುಕ್ಕಿ ಎಲ್ಲೂ ಹೋಗಲ್ಲ ಅಂದಿದ್ದರಲ್ಲ? ಹೋಯಿತು. 2018ರಲ್ಲೇ, ನಾನು ಪುಣೆಯಲ್ಲಿದ್ದ ವರ್ಷವೇ, ಇಪ್ಪತ್ತೈದು ವರ್ಷಕ್ಕೂ ಮೇಲೆ ಬೆಳಗಿದ ಆ ಕಪ್ಪುಕುಳಿ ಎಕ್ಸ್-ರೇಯಲ್ಲಿ ಮಂಕಾಗತೊಡಗಿತು. ನನಗೆ ಉಳಿದದ್ದು ಹಳೆಯ ಡೇಟಾ. ಅದೇ ಸಾಕಾಯಿತು.

ಅಕ್ಟೋಬರ್ ಸಂಜೆ ಏಳು ಗಂಟೆಗೆ ಮಕ್ಕಳನ್ನು ಕಾಲೇಜಿನ ತಾರಸಿಗೆ ಕರೆದುಕೊಂಡು ಹೋಗುತ್ತೇನೆ. ನೆತ್ತಿಯ ಹತ್ತಿರ ಶ್ರವಣ ನಕ್ಷತ್ರ ಇರುತ್ತದೆ. ಕೈ ಚಾಚಿ ಮುಷ್ಟಿ ಹಿಡಿಯಿರಿ. ಶ್ರವಣದಿಂದ ಪಡುವಣಕ್ಕೆ ಒಂದು ಮುಷ್ಟಿಯಷ್ಟು ದೂರದಲ್ಲಿ ಆ ಕಪ್ಪುಕುಳಿ ಇದೆ.

"ಏನೂ ಕಾಣ್ತಿಲ್ಲ, ಸರ್."

"ಕಾಣೋದಿಲ್ಲ. ನಡುವೆ ಸಿಕ್ಕಾಪಟ್ಟೆ ಧೂಳು ಇದೆ. ಎಕ್ಸ್-ರೇ ಆದರೆ ಅದನ್ನು ತೂರಿಕೊಂಡು ಬರುತ್ತೆ."

ಆದರೂ ಮುಷ್ಟಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಲೇ ಇರುತ್ತಾರೆ. ಗೇಟಿಗೆ ಬೀಗ ಹಾಕಬೇಕು ಅಂತ ವಾಚ್‌ಮನ್ ಕೆಳಗಿನಿಂದ ಕೂಗುವವರೆಗೂ.

ನಮಸ್ಕಾರ.